ಗೋಡೆಯಾಚೆ ಪಕ್ಕದ ಮನಿ

ನೆಲದ ಮೇಲೆ ಕೆಲಸ ಮಾಡುವವರು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕು. ನೆಲದ ಕೆಳಗೆ ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ, ಒಮ್ಮೊಮ್ಮೆ ಬೆನ್ನ ಹಿಂದಿನಿಂದ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ತೆಲುಗು ಸೀಮೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್. ಸುರಂಗ ಎಲ್ಲಿ ಕೊರೆಯಬೇಕೆಂದು ನಕ್ಷೆಯಲ್ಲಿ ಗೆರೆ ಎಳೆಯುವವನು. ಕೊಟ್ಟೂರಿನ ಎಣ್ಣೆ ಮಿಲ್ಲು ಮುಚ್ಚಿದ ಮೇಲೆ ಅಕ್ಕನ ಗಂಡ, ನನ್ನ ಮಾವ, ಅದೇ ಗಣಿಗೆ ಸೇರಿದ. ನಾನು ಎಳೆದ ಗೆರೆಯ ಮೇಲೇ ಅವನ ಕೆಲಸ.

ಅಕ್ಕನ ಹಗೇವು

ನಮ್ಮ ಗಣಿಯಲ್ಲಿ ಕಲ್ಲಿದ್ದಲನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸುತ್ತಾ ಹೋಗಿ, ಖಾಲಿಯಾದ ಜಾಗದ ಸೂರನ್ನು ಬೇಕೆಂದೇ ಬೀಳಲು ಬಿಡುತ್ತಿದ್ದರು. ಮುಂದಿನ ಪಟ್ಟಿಯ ಸುರಂಗಕ್ಕೂ ಬಿದ್ದ ಜಾಗಕ್ಕೂ ನಡುವೆ ದಪ್ಪ ಕಲ್ಲಿದ್ದಲು ಗೋಡೆ ಬಿಡುವುದು ಹಳೆಯ ವಾಡಿಕೆ. ಆ ಗೋಡೆಯಷ್ಟೂ ಕಲ್ಲಿದ್ದಲು ದಂಡ. ಹೊಸ ಪದ್ಧತಿಯಲ್ಲಿ, ಬಿದ್ದ ಕಲ್ಲು ಪೂರ್ತಿ ನೆಲೆಗೊಂಡ ಮೇಲೆ ಅದರ ಮಗ್ಗುಲಲ್ಲೇ, ತೆಳು ಗೋಡೆ ಬಿಟ್ಟು ಸುರಂಗ ಕೊರೆಯಬೇಕು.

ರಜೆಗೆ ಅಕ್ಕನ ಮನೆಗೆ, ಹಗರಿಬೊಮ್ಮನಹಳ್ಳಿಗೆ ಹೋದಾಗ, ಅಂಗಳದಲ್ಲಿ ನೆಲ ತೋಡಿ ಜೋಳ ತುಂಬುವ ಹಗೇವು ತೋರಿಸಿ ಅಕ್ಕನಿಗೆ ಇದನ್ನು ವಿವರಿಸಿದೆ.

"ಈ ಹಗೇವು ಕುಸದೈತಿ ಅಂತ ತಿಳ್ಕೋ. ಇದರ ಮಗ್ಗಲಾಗ ಇನ್ನೊಂದು ತೋಡೋದು."

"ನಡಕಿನ ಗ್ವಾಡಿ?"

"ತೆಳ್ಳಗ."

"ಒಳಗ ಇಳಿಯೋರು ಯಾರು?"

"ಮಾವ."

ಅಕ್ಕ ನನ್ನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ವಾಪಸ್ ತೆಗೆದುಕೊಂಡಳು. "ಮೊದ್ಲು ಅವ್ರನ್ನ ಜೋಪಾನ ಕರಕೊಂಡು ಬಾ. ರೊಟ್ಟಿ ಆಮ್ಯಾಲ."

ಹೊಸ ಒಕ್ಕಲು

ಸುರಂಗ ಮುಂದೆ ಸಾಗಿದಂತೆ ಗೋಡೆಯಾಚೆಯಿಂದ ಸದ್ದು ಶುರುವಾಯಿತು. ಟಕ್ ಟಕ್ ಅನ್ನುವುದು, ಏನನ್ನೋ ಎಳೆದಂತೆ ಆಗುವುದು. ಅಳಿದುಳಿದ ಕಲ್ಲು ಉದುರುತ್ತಿದೆ ಎಂದು ಗೊತ್ತಿದ್ದರೂ ನನ್ನ ಮೈ ಜುಮ್ಮೆನ್ನುತ್ತಿತ್ತು. ಮಾವ ಮಾತ್ರ, "ಪಕ್ಕದ ಮನಿಯವ್ರು ಸಾಮಾನು ಸರಸಾಕತ್ಯಾರ" ಅನ್ನುತ್ತಿದ್ದ.

ಒಂದು ದಿನ ಸುತ್ತಿಗೆಯಿಂದ ಗೋಡೆಗೆ ಎರಡು ಸಲ ಬಡಿದ. ಆ ಕಡೆಯಿಂದಲೂ ಎರಡು ಸಲ ಬಡಿದ ಸದ್ದು ಬಂತು. ಎಲ್ಲರ ತಲೆಯ ದೀಪ ಒಟ್ಟಿಗೇ ಗೋಡೆಯ ಕಡೆ ತಿರುಗಿತು.

ಗುಂಪಿನ ಮೇಲ್ವಿಚಾರಕ, ಹರಪನಹಳ್ಳಿಯ ಸರ್ದಾರ, ಪಿಸುಗುಟ್ಟಿದ: "ಸುಮ್ನಿದ್ದೋರನ್ನ ಯಾಕಪ್ಪಾ ಮಾತಾಡ್ಸಕ್ಕೆ ಹೋದೆ?"

"ಹೊಸದಾಗಿ ಒಕ್ಕಲು ಬಂದೋರು ನಾವ್ರಿ. ನಾವಾ ಮೊದ್ಲು ಮಾತಾಡಿಸ್ಬೇಕಲ್ರಿ."

ಖಾತ್ರಿ

ಮಾವನದು ಇನ್ನೊಂದು ಹಟ. ಕತ್ತಲಲ್ಲಿ ಯಾರು ಕರೆದರೂ ಮೂರನೇ ಸಲಕ್ಕೇ ಓ ಅನ್ನುವುದು. ಒಂದೆರಡು ಸಲ ದೆವ್ವವೂ ಕರೆದೀತು, ಮೂರನೇ ಸಲ ಕರೆಯುವುದು ಮನುಷ್ಯರು ಮಾತ್ರ ಎಂದು ಅವನ ಅವ್ವ ಹೇಳಿಕೊಟ್ಟಿದ್ದಳು. ಗಣಿಗೆ ಸೇರಿದ ಮೇಲೆ ಹಗಲಿಗೂ ಅದೇ ಕಾಯಿದೆ ಹಚ್ಚಿಕೊಂಡ.

ಹಾಜರಿ ಗುಮಾಸ್ತ ಒಮ್ಮೆ ಎರಡು ಸಲ ಕೂಗಿ ಗೈರುಹಾಜರಿ ಹಾಕಿಬಿಟ್ಟ. ತಲೆ ಎತ್ತಿದರೆ ಮಾವ ಎದುರಿಗೇ ನಿಂತಿದ್ದಾನೆ.

"ಇಲ್ಲೇ ಇದ್ದೀಯಲ್ಲಯ್ಯಾ! ಓ ಅನ್ನೋಕೇನು?"

"ಕರದೋರು ನೀವಾ ಅಂತ ಖಾತ್ರಿ ಆಗ್ಬೇಕಲ್ರಿ."

ಗುಮಾಸ್ತ ತನ್ನ ತೋಳನ್ನು ತಾನೇ ಒಮ್ಮೆ ಚಿವುಟಿ ನೋಡಿಕೊಂಡ.

ಕರೆದವರು

ಒಂದು ಬೆಳಗಿನ ಪಾಳಿಯಲ್ಲಿ ಸುರಂಗದ ತುದಿಯ ಮರದ ಆಸರೆಗಳು ಚಟಚಟ ಎನ್ನತೊಡಗಿದವು. ಎಲ್ಲರೂ ಓಡಿ ಬಂದರು. ತುದಿಯಲ್ಲಿ ಒಂದೇ ದೀಪ ಉಳಿದಿತ್ತು, ಮಾವನದು.

"ಕೊಟ್ಟೂರಾ, ಓಡಿ ಬಾರೋ!" ಎಂದು ಸರ್ದಾರ ಮಾವನನ್ನು ಒಂದು ಸಲ ಕೂಗಿದ. ಅಷ್ಟರಲ್ಲಿ ಧೂಳು ನುಗ್ಗಿ ಅವನಿಗೆ ಕೆಮ್ಮು ಹತ್ತಿತು. ನಾನು ಕೂಗಲು ಬಾಯಿ ತೆರೆದೆ, ಬಾಯಿ ತುಂಬ ಧೂಳು ಹೊಕ್ಕಿತು. ಒಂದೇ ಸಲಕ್ಕೆ ಈ ಮನುಷ್ಯ ಬರುವುದಿಲ್ಲ ಎಂದು ಎದೆ ಒಡೆದುಹೋಯಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು.

ಆ ದೀಪ ಅಲ್ಲಾಡಿತು. ಮಾವ ಊಟದ ಡಬ್ಬಿ ಅವಚಿಕೊಂಡು ಓಡಿ ಬಂದ. ಅವನ ಬೆನ್ನ ಹಿಂದೆಯೇ ತುದಿಯ ಸೂರು ಕೆಳಗೆ ಕೂತಿತು. ನಾನು ಅವನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

"ಅಳ್ತೀ ಯಾಕಲೇ? ಮೂರು ಸಲ ಕರದ್ರಿ, ಬಂದೆ."

"ನಾನು ಕರ್ದಿದ್ದು ಒಂದೇ ಸಲ ಕಣಪ್ಪಾ" ಎಂದ ಸರ್ದಾರ.

ಮಾವ ಗೋಡೆಯತ್ತ ನೋಡಿದ. "ಹೌದಾ? ಮತ್ತ ಆ ಎರಡು ಬ್ಯಾರೆ ಧ್ವನಿ?"

ಊರಿಗೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆವು. ನನಗೆ ರೊಟ್ಟಿ ಸಿಕ್ಕಿತು. ಮರಳಿ ಹೊರಡುವಾಗ ಶೇಂಗಾ ಹೋಳಿಗೆಯ ಒಂದು ಗಂಟು ಬೇರೆಯಾಗಿ ಕೊಟ್ಟಳು. "ಪಕ್ಕದ ಮನಿಯವ್ರಿಗೆ. ಇಬ್ರಲ್ಲಾ ಅವ್ರು?"

ತುದಿಯನ್ನು ತೆರವು ಮಾಡಿ, ಹೊಸ ಆಸರೆ ನಿಲ್ಲಿಸಿದ ಮೇಲೆ ಮಾವ ಗಂಟು ಹಿಡಿದು ಗೋಡೆಯ ಮುಂದೆ ನಿಂತ. ಜತೆಗೆ ನಾನೊಬ್ಬನೇ.

"ಹೋಳಿಗಿ ತಂದೀನ್ರೀ!"

ಉತ್ತರವಿಲ್ಲ. ಮತ್ತೊಮ್ಮೆ ಕೂಗಿದ. ಆಗಲೂ ಉತ್ತರವಿಲ್ಲ, ಆದರೆ ಆಚೆಯ ಟಕ್ ಟಕ್ ಸದ್ದು ಗಕ್ಕನೆ ನಿಂತಿತು.

ಮಾವನ ಮುಖ ಅರಳಿತು. "ಇವ್ರೂ ನಮ್ ಕಡಿಯೋರಾ ಇರ್ಬೇಕು" ಎಂದು ಉಸಿರು ಎಳೆದುಕೊಂಡ.

ನಾನು ಅವನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದೆ. "ಮಾವಾ, ನಿನ್ನ ಕಾಲು ಹಿಡೀತೀನಿ, ಮೂರನೇ ಸಲ ಕರೀಬ್ಯಾಡ!"