ಹೊಸ ಅಂಗಳಕ್ಕೆ ಬಂದ ಮೀನು

ಟೇಶಿ ಎಂಬ ಕಡಲ ಊರಿನ ಕಲಾಸಂಗ್ರಹಾಲಯದ ಹಳೆ ಗೋಡೆ ಕೆಡವಿ, ಹೊಸ ಸಭಾಂಗಣ ಕಟ್ಟಿ, ಮುಂದೆ ಊರಿನವರಿಗೆಂದೇ ದೊಡ್ಡ ಅಂಗಳ ಮಾಡಿದ್ದರು. ಊರಿನವರು ಮಾತ್ರ ಅತ್ತ ತಲೆ ಹಾಕಿಯೂ ಮಲಗಲಿಲ್ಲ. ಉದ್ಘಾಟನೆಯ ದಿನ ಅಂಗಳ ತುಂಬಿಸಿದರೆ ಕೆಲಸ ಕಾಯಂ ಎಂದು ನಿರ್ದೇಶಕಿ ಕಾವಲುಗಾರ ಒಡೊಯ್‌ಗೆ ಹೇಳಿದ್ದರು.

ಉದ್ಘಾಟನೆಯ ಬೆಳಿಗ್ಗೆ ಒಡೊಯ್ ಸಭಾಂಗಣದಲ್ಲಿ ಪ್ರದರ್ಶನಕ್ಕಿಡಲು ಬಡಗಿಯ ಮನೆಯಿಂದ ಕೆಂಪು ಮೀನಿನಾಕಾರದ ಶವಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ತರುತ್ತಿದ್ದ. ಮಾಡಿದ ಕಸುಬಿನ ಆಕಾರದ ಪೆಟ್ಟಿಗೆಯಲ್ಲೇ ಸತ್ತವರನ್ನು ಕಳಿಸುವ ಊರದು. ಮೀನು ಕಂಡರೆ ಹೋದವನು ಬೆಸ್ತನೆಂದು ಎಲ್ಲರಿಗೂ ಗೊತ್ತು. ಕೆಂಕಿ ಎಂಬ ಜೋಳದ ಕಡುಬು ಮಾರುವ ಕೊರ್ಕೊಯ್ ಗಾಡಿ ತಡೆದು ಅತ್ತೇಬಿಟ್ಟಳು.

"ನಿಂಗೋ ಊರಲ್ಲಿ ಮೀನು ಹಿಡೀತಿದ್ದ ನಿನ್ ನೋರ್ಟೆ ಮಾವ ಹೋಗ್ಬಿಟ್ರಾ? ನಂಗೊಂದ್ ಮಾತು ಹೇಳ್ಬಾರ್ದೇನೋ?"

ಅಲ್ಲಕ್ಕ ಎನ್ನಲು ಒಡೊಯ್ ಬಾಯಿ ತೆರೆದ. ಅಷ್ಟರಲ್ಲಿ ಖಾಲಿ ಅಂಗಳ ನೆನಪಾಯಿತು. ಬಾಯಿ ಮುಚ್ಚಿಕೊಂಡ. ಆಮೇಲೆ ಅದಕ್ಕಾಗಿ ಅವನು ಪಟ್ಟ ಪಶ್ಚಾತ್ತಾಪ ಅಷ್ಟಿಷ್ಟಲ್ಲ.

ಗಾಡಿಯ ಹಿಂದೆ ಓಣಿಯೇ ಹೊರಟಿತು. ಸಾವಿನ ಮನೆಗೆ ಇಷ್ಟು ಅಗಲದ ಜಾಗ ಸಿಕ್ಕಿದ್ದು ಪುಣ್ಯವೆಂದು ಅಂಗಳದಲ್ಲಿ ಶಾಮಿಯಾನ ಎದ್ದಿತು, ಕುರ್ಚಿ ಬಂದವು, ಡೋಲು ಬಂದವು. ಶವಾಗಾರದಿಂದ ಹೆಣ ಬರುತ್ತದೆಂದು ಸೂತಕದ ಕೆಂಪು ಕಪ್ಪು ಬಟ್ಟೆಯವರೆಲ್ಲ ಕಾದು ಕೂತರು. ಮಾವನನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಒಬ್ಬೊಬ್ಬರೂ ಕೇಳಿದರು. ಒಡೊಯ್ ತಲೆ ತಗ್ಗಿಸಿದ. ಅದನ್ನು ದುಃಖವೆಂದುಕೊಂಡು ಬೆನ್ನು ಸವರಿದರು.

ನಿರ್ದೇಶಕಿಯ ಕಣ್ಣೂ ಒದ್ದೆಯಾಗಿತ್ತು. "ನಮ್ ಜನ ಕಲೆ ನೋಡಿ ಹೀಗೆ ಅಳ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಒಡೊಯ್. ನಿನ್ ಕೆಲಸ ಕಾಯಂ" ಎಂದು, ಅತಿಥಿಗಳನ್ನು ಕರೆತರಲು ಒಳಗೆ ಹೋದರು.

ಅಷ್ಟರಲ್ಲಿ ಬಾಡಿಗೆ ವ್ಯಾನೊಂದರಿಂದ ನೋರ್ಟೆ ಮಾವ ಕೋಲೂರುತ್ತ ಇಳಿದರು. ಸುದ್ದಿ ನಿಂಗೋ ತಲುಪುವಷ್ಟರಲ್ಲಿ ಸತ್ತವರ ಹೆಸರು ದಾರಿಯಲ್ಲೇ ಉದುರಿತ್ತು; ಒಡೊಯ್ ಮನೆಯಲ್ಲಿ ಸಾವಂತೆ ಎಂದಷ್ಟೇ ಕೇಳಿ ಓಡಿಬಂದಿದ್ದರು. ಡೋಲು ನಿಂತಿತು. ಇಬ್ಬರು ಕುರ್ಚಿ ಬಿಟ್ಟು ಓಡಿದರು. ಕೊರ್ಕೊಯ್ ಮಾವನನ್ನು ಮುಟ್ಟಿ ನೋಡಿ, ಮೀನು ಅವರದೇ ಎಂದು ಹೇಳಿಬಿಟ್ಟಳು.

ಮುದುಕ ಮೀನಿನ ಬೆನ್ನನ್ನು ನಿಧಾನವಾಗಿ ಸವರಿದರು.

"ನನ್ನ ಮರ್ತೇಬಿಟ್ಟೆ ಅನ್ಕೊಂಡಿದ್ದೆ ಕಣೋ. ನಾನ್ ಬದುಕಿರೋವಾಗ್ಲೇ ಮಾಡಿಸಿ ತೋರಿಸ್ದೆಯಲ್ಲಪ್ಪ."

ಜನ ಮೀನನ್ನು ಹೆಗಲಿಗೇರಿಸಿದರು. ಡೋಲು ಈಗ ಕುಣಿಯುವಂತೆ ಬಡಿಯಿತು. ಮೆರವಣಿಗೆ ಮಾವನನ್ನೂ ಮೀನನ್ನೂ ಕರೆದುಕೊಂಡು ನಿಂಗೋ ದಾರಿ ಹಿಡಿಯಿತು.

ಅತಿಥಿಗಳೊಡನೆ ಹೊರಬಂದ ನಿರ್ದೇಶಕಿಗೆ ಅಂಗಳದಲ್ಲಿ ಕಂಡದ್ದು ಒಡೊಯ್ ಒಬ್ಬನೇ. ನಡೆದದ್ದನ್ನೆಲ್ಲ ಅವನಿಂದ ಕೇಳಿ, ಮೀನು ಸಂಗ್ರಹಾಲಯದ್ದು ಅಂತ ಮಾವನಿಗೆ ಯಾಕೆ ಹೇಳಲಿಲ್ಲವೆಂದರು.

"ಹೇಳೋಕೆ ಬಾಯಿ ಬರ್ಲಿಲ್ಲ ಮೇಡಂ. ಅವರ ಮನೆಗೆ ಹೋಗಿ ಎಷ್ಟೋ ವರ್ಷ ಆಗಿತ್ತು."

ಕಾಯಂ ಆಗಿದ್ದ ಕೆಲಸದ ಜೊತೆಗೆ ಇದ್ದ ಕೆಲಸವೂ ಹೋಯಿತು.