ಹಾಫ್ ಫೋಟೋ, ಫುಲ್ ಫಜೀತಿ

ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುವವನಿಗೆ ನಗುವಿಗೇನೂ ಬರವಿಲ್ಲ. ಗಿರಾಕಿಯ ಎದುರಿಗೆ ನಗುವಂತಿಲ್ಲ ಎಂಬುದೊಂದೇ ಕಷ್ಟ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯಿಂದ ಬಂದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಸ್ಟುಡಿಯೋ ಸೇರಿದೆ. ಮಾಲೀಕರನ್ನು ಊರೆಲ್ಲ ಉಸ್ತಾದ್ ಎನ್ನುತ್ತಿತ್ತು. ಅವರು ಫೋಟೋ ತೆಗೆಯುವವರು. ನಾನು ಕತ್ತಲೆ ಕೋಣೆಯಲ್ಲಿ ಔಷಧದ ನೀರಿಗೆ ಹಾಕಿ ರೀಲು ತೊಳೆಯುವವನು, ಕತ್ತರಿಸುವವನು, ಚಿಕ್ಕದನ್ನು ದೊಡ್ಡದು ಮಾಡುವವನು. ನಮ್ಮ ಕಸುಬಿನ ಮಾತುಗಳು ಹತ್ತಿಪ್ಪತ್ತು ಇದ್ದರೆ ಹೆಚ್ಚು. ಅಷ್ಟರಲ್ಲೇ ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ.

ಹಾಫ್

ಮಟಮಾರಿಯ ಹಿರಿಯರೊಬ್ಬರು ಅರ್ಜಿಗೆ ಅಂಟಿಸಲು ಫೋಟೋ ಬೇಕೆಂದು ಬಂದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಹೆಗಲಿಗೆ ಹೊಸ ಟವೆಲ್ಲು.

"ಅರ್ಜಿಗೆ ಹಾಫ್ ಸಾಕ್ರಿ" ಎಂದರು ಉಸ್ತಾದರು. ಹಾಫ್ ಎಂದರೆ ಎದೆಯವರೆಗೆ, ಫುಲ್ ಎಂದರೆ ಚಪ್ಪಲಿ ಸಮೇತ. ಹಿರಿಯರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಯೋಚನೆ ಮಾಡಿದರು.

"ಯಾವ ಕಡಿ ಹಾಫ್ ತೆಗಿತೀರಿ?"

"ಅಂದ್ರ?"

"ಎಡಗಡಿದೇ ತೆಗಿರಿ. ಬಲಗಣ್ಣಿಗೆ ಕುರು ಎದ್ದದ."

ತೊಳೆಯುವುದು

ಮಾನ್ವಿಯ ಬಟ್ಟೆ ವ್ಯಾಪಾರಿಯೊಬ್ಬರು ಮಗಳ ನಿಶ್ಚಯದ ಫೋಟೋಗಳನ್ನು ನೆಂಟರ ಕ್ಯಾಮೆರಾದಲ್ಲಿ ತೆಗೆಸಿ, ರೀಲು ಹಿಡಿದುಕೊಂಡು ಬಂದರು. "ತೊಳಿಯಾಕ ನಾಕು ದಿನ ಆಗ್ತದ್ರಿ" ಎಂದೆ.

"ಬರೇ ತೊಳಿಯಾಕ ನಾಕು ದಿನಾ? ಕೊಡ್ರಿ ಇತ್ತ" ಎಂದು ರೀಲು ಕಸಿದುಕೊಂಡು ಹೋದರು.

ವಾರದ ಮೇಲೆ ಮತ್ತೆ ಬಂದರು. ಕೈಯಲ್ಲಿ ಗಾಜಿನಂತೆ ಹೊಳೆಯುವ ಉದ್ದನೆಯ ಪಟ್ಟಿ. ಮನೆಯಲ್ಲೇ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ತೊಳೆದಿದ್ದರು. "ಕಲ್ಲಿಗೆ ಬಡೀಲಿಲ್ರಿ, ಅಷ್ಟು ತಿಳೀತದ ನಮಗ. ನೋಡ್ರಿ, ಒಂದು ಕಲಿ ಉಳದಿಲ್ಲ. ಆದ್ರ ಮಂದಿ ಎಲ್ಲಿ ಹೋದ್ರು?"

ನನಗೆ ನಗು, ಉಸ್ತಾದರಿಗೆ ಮರುಕ. ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಮಾನ್ವಿಗೆ ಹೋದರು. ವರನ ಕಡೆಯವರನ್ನು ಮತ್ತೆ ಕರೆಸಿ, ಅದೇ ಸೀರೆ ಉಡಿಸಿ, ಎಲ್ಲ ಫೋಟೋ ಹೊಸದಾಗಿ ತೆಗೆದರು. ಮದುವೆಗೆ ಮುಂಚೆ ಹುಡುಗನನ್ನು ಇನ್ನೊಂದು ಸಲ ನೋಡಲು ಸಿಕ್ಕಿತ್ತಲ್ಲ, ಹುಡುಗಿ ತಾಯಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು:

"ಈ ರೀಲೂ ಮನ್ಯಾಗೇ ತೊಳಿಯೂಣ ಯವ್ವಾ."

ದೊಡ್ಡದು

ಕಲ್ಲೂರಿನ ಒಬ್ಬ ತಾಯಿ ದೂರದ ಊರಿನಲ್ಲಿ ನೌಕರಿಯಲ್ಲಿದ್ದ ಮಗನ ಫೋಟೋ ತಂದು, "ಕನ್ಯಾದವ್ರಿಗೆ ತೋರಸಬೇಕು, ದೊಡ್ಡದು ಮಾಡ್ರಿ" ಎಂದಳು. ಶಾಲೆಯಲ್ಲಿ ತೆಗೆಸಿದ ಫೋಟೋ. ಹುಡುಗನಿಗೆ ಆಗ ಹನ್ನೆರಡು ವರ್ಷವಿದ್ದೀತು. ನಾನು ಮುತುವರ್ಜಿಯಿಂದ ಅಂಗೈಯಷ್ಟಿದ್ದುದನ್ನು ಗೋಡೆಗೆ ಹಾಕುವಷ್ಟು ಮಾಡಿಕೊಟ್ಟೆ. ಆಕೆ ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟು ದೊಡ್ಡದು ಮಾಡೀರಿ, ಮೀಸಿ ಯಾಕ ಬಂದಿಲ್ಲ?"

ಕೈ

ಇದರಲ್ಲಿ ಮಾತ್ರ ತಪ್ಪು ಪೂರಾ ನನ್ನದೇ.

ದೇವದುರ್ಗದ ಕಡೆಯ ಅರಕೇರಾದಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದ ಫೋಟೋ ಬಿಚ್ಚಿದಳು. ಅವಳ ಅಣ್ಣನ ಮದುವೆಯ ಗುಂಪು ಫೋಟೋ. ಗಂಡ ತನ್ನ ಜನ್ಮದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದು ಅದೊಂದೇ ಸಲ, ಮದುಮಗನ ಪಕ್ಕದಲ್ಲಿ ನಿಂತು.

"ಇವ್ರೊಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡ್ರಿ. ಮಾಲಿ ಹಾಕೋ ಫೋಟೋದಾಗ ಬದುಕಿದ್ದವ್ರು ಇರಬಾರದು. ಇದೊಂದೇ ಅದ, ಜ್ವಾಕಿ."

"ಮೊದಲು ಕಾಪಿ ತೆಗಿ. ಏನು ಮಾಡೋದಿದ್ರೂ ಕಾಪಿ ಮ್ಯಾಲೆ ಮಾಡು" ಎಂದು ನನಗೆ ಹೇಳಿ ಉಸ್ತಾದರು ನಾಲ್ಕು ದಿನದ ಹೊರಗಿನ ಕೆಲಸಕ್ಕೆ ಹೋದರು. ನೋಡಿದರೆ ಮದುಮಗನ ಕೈ ತೀರಿಹೋದವರ ಹೆಗಲ ಮೇಲಿದೆ. ಸುತ್ತಲಿನವರನ್ನೆಲ್ಲ ಕತ್ತರಿಸಿದರೂ ಕೈ ಉಳಿಯುತ್ತದೆ. ಬದುಕಿದ್ದವರ ಕೈ! ನನ್ನ ಜಾಣತನ ಉಕ್ಕಿ ಬಂತು. ಕಾಪಿಯ ಮಾತು ಮರೆತು ಮೂಲ ಫೋಟೋದ ಮೇಲೇ ಬ್ಲೇಡು ಆಡಿಸಿದೆ. ಎರಡು ದಿನ ಕೂತು ಕೈಯನ್ನು ಕೆರೆದು, ಕುಂಚದಿಂದ ಅಂಗಿಯ ಹೆಗಲು ತಿದ್ದಿದೆ. ಆಮೇಲೆ ಕಾಪಿ ತೆಗೆದು, ದೊಡ್ಡದು ಮಾಡಿ, ಕಟ್ಟು ಹಾಕಿಸಿದೆ. ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಆಕೆ ಬಂದು ಫೋಟೋ ಹಿಡಿದಳು. ಕಣ್ಣಲ್ಲಿ ನೀರು. ಇನ್ನೇನು ನನ್ನನ್ನು ಹೊಗಳುತ್ತಾಳೆ ಎಂದುಕೊಂಡೆ.

"ಕೈ ಎಲ್ಲಿ?"

"ಅದು ನಿಮ್ಮ ಅಣ್ಣಾರ ಕೈ ಅಲ್ಲೇನವ್ವಾ? ಬದುಕಿದ್ದವ್ರು ಬ್ಯಾಡ ಅಂದಿದ್ರಿ."

"ಮಾಲಿ ಮುಖಕ್ಕ ಹಾಕ್ತೀನಿ, ಕೈಗೆ ಹಾಕ್ತೀನೇನು? ಕ್ಯಾಮೆರಾ ಕಂಡ್ರ ಓಡಿ ಹೋಗಾವ್ರು ಅವ್ರು. ಆವತ್ತು ನಮ್ಮಣ್ಣ ಹೆಗಲ ಹಿಡಕೊಂಡು ನಿಂತಿದ್ದಕ್ಕ ಇದೊಂದು ಮುಖ ಉಳದದ. ಈಗ ಕೈ ತೆಗದೀರಿ. ಗ್ವಾಡಿ ಮ್ಯಾಲೆ ನಿಂದರ್ತಾರೇನು ಅವ್ರು?"

ಆಗಷ್ಟೇ ಮರಳಿದ್ದ ಉಸ್ತಾದರು ಮತ್ತೊಂದು ಕಾಪಿ ತೆಗೆಯಲು ಮೂಲ ಫೋಟೋ ಕೇಳಿದರು. ಕೆರೆದ ಫೋಟೋ ಅವರ ಕೈಗಿಟ್ಟೆ. ಆ ತಾಯಿಗೆ ಇದ್ದ ಒಂದೇ ಒಂದು ಫೋಟೋ ಕೆಡಿಸಿದೆನಲ್ಲ ಎಂದು ನನಗೆ ಅಳುವೇ ಬಂತು. ಆಕೆಯೇ ಸೆರಗಿನಿಂದ ಗಾಜು ಒರೆಸಿ, ನನ್ನ ಮುಖ ನೋಡಿ ಮೆತ್ತಗಾದಳು.

"ಅಳಬ್ಯಾಡ ತಮ್ಮಾ. ಕೈ ಹೋದ್ರ ಹೋತು, ಕೈ ಇದ್ದಾವ ಇನ್ನೂ ಅದಾನ. ನಾಳಿಗಿ ಕರಕೊಂಡು ಬರ್ತೀನಿ."

ಮರುದಿನ ಮೊದಲ ಬಸ್ಸಿಗೇ ಅಣ್ಣನೊಡನೆ ಬಂದಿಳಿದಳು. ಅವನ ಕೈಯ ಫೋಟೋ ತೆಗೆದು, ಕತ್ತರಿಸಿ, ಹಳೆಯ ಹೆಗಲಿಗೆ ಅಂಟಿಸಿ ಮತ್ತೆ ಕಾಪಿ ತೆಗೆಯುವುದು ಉಸ್ತಾದರ ಉಪಾಯ. ಆದರೆ ಕೈ ಇಡಲು ಒಂದು ಹೆಗಲು ಬೇಕಲ್ಲ? ತೀರಿಹೋದವರ ಎತ್ತರಕ್ಕೆ ಸರಿಹೊಂದಿದ್ದು ನಾನೇ. ಪರದೆಯ ಮುಂದೆ ನಿಲ್ಲಿಸಿದರು. ಅಣ್ಣ ನಾಚಿಕೊಂಡು ನನ್ನ ಹೆಗಲಿಗೆ ಬರೀ ಬೆರಳ ತುದಿ ತಾಗಿಸಿದ. ನನಗೋ ಅವಮಾನ, ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು. ಉಸ್ತಾದರು ಕರಿ ಬಟ್ಟೆಯೊಳಗೆ ತಲೆ ಹಾಕಿ, "ಅಲುಗಬ್ಯಾಡ್ರಿ" ಎಂದರು.

ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ ಆಕೆ ಕೂಗಿದಳು:

"ಗಟ್ಟಿ ಹಿಡಿ ಅಣ್ಣಾ! ಈ ತಮ್ಮನೂ ಓಡಿ ಹೋಗಾವ ಇದ್ದಂಗ ಅದಾನ!"