ಬದನೆಕಾಯಿ ಆದ ಮೇಲೆ ಬೂದೆಪ್ಪ

ಸೂಗಪ್ಪನ ಮಾನ ಮೊದಲ ಸಲ ಹೋದದ್ದು ಒಂದು ಬಾಸಿಂಗದ ದೆಸೆಯಿಂದ. ಮಗಳು ಅಮರಮ್ಮನ ಮದುವೆ ಜಾಲಹಳ್ಳಿಯಲ್ಲಿ, ಗಂಡಿನ ಮನೆಯ ಹಂದರದಲ್ಲೇ ಆಯಿತು. ಮಾನ್ವಿಯಿಂದ ಪಾತ್ರೆ, ಪೆಟ್ಟಿಗೆ, ಹಾಸಿಗೆ, ಕೊನೆಗೆ ಅಡಕತ್ತರಿಯನ್ನೂ ಮರೆಯದೆ ಒಯ್ದಿದ್ದ ಸೂಗಪ್ಪ, ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ಮಾತ್ರ ಮನೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದ. ಯಾರೋ ಸೈಕಲ್ ಹತ್ತಿ ದೇವದುರ್ಗಕ್ಕೆ ಹೋಗಿ ಬೇರೆ ತರುವಷ್ಟರಲ್ಲಿ ಮುಹೂರ್ತ ಮೀರಿತ್ತು.

ಅಂದಿನಿಂದ ಬೀಗಿತ್ತಿ ಮೂಕಮ್ಮ ಅವನನ್ನು ಕರೆಯುತ್ತಿದ್ದುದೇ "ಬಾಸಿಂಗದ ಬೀಗರು" ಎಂದು. ಹೆಸರು ಮೂಕಮ್ಮ, ಆದರೆ ಆಕೆಯ ಬಾಯಿ ನಾಲ್ಕು ಓಣಿಗೆ ಕೇಳುವಂಥದ್ದು. ಸೊಸೆ ನೀರು ತರುವುದು ಸ್ವಲ್ಪ ತಡವಾದರೂ ಸಾಕು, "ಅಪ್ಪ ಬಾಸಿಂಗ ಮರತ, ಮಗಳು ದಾರಿ ಮರತ್ಲು" ಅನ್ನುವಳಂತೆ. ಅಮರಮ್ಮ ಇದನ್ನು ತಾಯಿಯ ಮುಂದೆ ಹೇಳಿಕೊಂಡು ಅತ್ತಿದ್ದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಸೂಗಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತ್ತು.

ಇಂಥ ಮನುಷ್ಯನಿಗೆ ಸಿಕ್ಕಿದ್ದು ಪಟ್ಟಿ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ಸೂಗಪ್ಪನ ಕಚೇರಿಯ ಗುಮಾಸ್ತರನ್ನೆಲ್ಲ ರಾಯಚೂರಿಗೆ ತರಬೇತಿಗೆ ಕರೆಸಿದ್ದರು. ಅಲ್ಲಿ ಒಬ್ಬ ಸಾಹೇಬರು, "ಮಾಡಬೇಕಾದ ಕೆಲಸವನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ, ಮುಗಿದ ಕೂಡಲೇ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿ, ಜೀವನ ಸಲೀಸು" ಎಂದು ಭಾಷಣ ಮಾಡಿದರು. ಉಳಿದವರು ತೂಕಡಿಸಿದರು. ಸೂಗಪ್ಪ ಮಾತ್ರ ಬಸ್ಸು ಹತ್ತುವ ಮೊದಲೇ ಕೆಂಪು ಪೆನ್ಸಿಲ್ ಕೊಂಡ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಸೂಗಪ್ಪನೂ ಹಾಗೆಯೇ. ಹಲ್ಲುಜ್ಜುವುದು, ಎಮ್ಮೆಗೆ ಹಿಂಡಿ ಇಡುವುದು, ಕೊಡೆ ತರುವುದು, ಎಲ್ಲವೂ ಪಟ್ಟಿಗೆ ಬಂತು. "ಹೆಂಡ್ತಿ ಕೂಡ ಮಾತಾಡೋದು ಅಂತನೂ ಬರಕೊಳ್ರಿ" ಎಂದು ಹೆಂಡತಿ ಬಸ್ಸಮ್ಮ ಕುಟುಕಿದಳು. ಅವನು ಅದನ್ನೂ ಬರೆದುಕೊಂಡು, ಈಗ ಮಾತಾಡಿಯೇ ಆಯಿತಲ್ಲ ಎಂದು ಅಲ್ಲೇ ಗುರುತು ಹಾಕಿದ.

ಅವನ ಪಟ್ಟಿಗೆ ಒಂದೇ ಒಂದು ಐಬು ಇತ್ತು. ಕೆಲಸವನ್ನು ಇನ್ನೊಬ್ಬರಿಗೆ ಹೇಳಿದ ಕೂಡಲೇ ಅವನು ಗುರುತು ಹಾಕಿಬಿಡುತ್ತಿದ್ದ. ಕಾಗದ ಪಕ್ಕದ ಮೇಜಿಗೆ ಹೋಯಿತೆಂದರೆ ಕೆಲಸ ಮುಗಿಯಿತು ಎಂದು ನಂಬಿ ಇಪ್ಪತ್ತು ವರ್ಷ ನೌಕರಿ ಮಾಡಿದವನು, ಪಾಪ, ಬೇರೆ ಏನು ತಾನೇ ಮಾಡಿಯಾನು?

ಮದುವೆಯ ನಂತರದ ಬೀಗರ ಊಟದ ದಿನ ಬಂತು. ಮೂಕಮ್ಮ ಮಗ ಸೊಸೆಯೊಂದಿಗೆ ಮಾನ್ವಿಯ ಈ ಮನೆಯ ಹೊಸ್ತಿಲು ತುಳಿಯುವುದು ಇದೇ ಮೊದಲು. "ಇವತ್ತೊಂದು ದಿನ ಚಂದಂಗ ದಾಟಿದ್ರ ನನ್ನ ಮಗಳು ಅಲ್ಲಿ ತಲಿ ಎತ್ತಿ ಓಡಾಡ್ತಾಳ. ನಿಮ್ಮ ಕಾಲು ಬೀಳ್ತೀನಿ, ಏನೂ ಮರೀಬ್ಯಾಡ್ರಿ" ಎಂದಳು ಬಸ್ಸಮ್ಮ.

"ಎಲ್ಲಾ ಪಟ್ಟಿಯೊಳಗ ಅದ" ಎಂದು ಸೂಗಪ್ಪ ಜೇಬು ತಟ್ಟಿ ತೋರಿಸಿದ.

ಹಂದರ ಹಾಕಲು ಬಂದವನು ಎದುರು ಮನೆಯ ಬೂದೆಪ್ಪ. ಬಾಲ್ಯದ ಗೆಳೆಯ, ಬಲು ಅಭಿಮಾನಿ, ಅಷ್ಟೇ ಮುಂಗೋಪಿ. ಬಸ್‌ಸ್ಟ್ಯಾಂಡಿನ ಹತ್ತಿರದ ಹನುಮಪ್ಪನ ಗುಡಿಯ ಕಟ್ಟೆಯ ಬಳಿ ಬೀಗರ ಕಾಲಿಗೆ ನೀರು ಕೊಟ್ಟು, ಎದುರುಗೊಂಡು ಕರೆತರುವ ಮರ್ಯಾದೆಯ ಕೆಲಸವನ್ನೂ ಸೂಗಪ್ಪ ಅವನಿಗೇ ಹಿಂದಿನ ದಿನ ಒಪ್ಪಿಸಿದ್ದ. ಹಗ್ಗ ಬಿಗಿಯುತ್ತಿದ್ದ ಬೂದೆಪ್ಪ, "ಅದೇನಲೇ ಜೇಬಿನ್ಯಾಗ, ಲಾಟರಿ ಟಿಕೇಟೇನು?" ಎಂದು ಪಟ್ಟಿಯನ್ನು ಕಿತ್ತುಕೊಂಡ. ಓದುತ್ತಾ ಓದುತ್ತಾ ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

"ಎಣ್ಣಿ. ಬೆಲ್ಲ. ಬದನಿಕಾಯಿ. ಬೂದೆಪ್ಪ, ಬೀಗರು. ಹಗ್ಗ." ಅವನು ತಲೆ ಎತ್ತಿದ. "ಲೇ ಸೂಗ, ನಾ ಬದನಿಕಾಯಿ ಆದಮ್ಯಾಲ ಏನಲೇ?"

"ಅದು ನೆನಪಾದಂಗ ಬರದೀನೋ ಮಾರಾಯ!"

"ನಲವತ್ತು ವರ್ಷದ ಗೆಳೆತನ. ನಿನಗ ಮೊದಲು ಬದನಿಕಾಯಿ ನೆನಪಾತು, ಆಮ್ಯಾಲ ನಾನು!"

"ನಿನ್ನ ಹೆಸರು ಹಗ್ಗಕ್ಕಿಂತ ಮ್ಯಾಲದ ನೋಡು" ಎಂದು ಸೂಗಪ್ಪ ಸಮಾಧಾನ ಹೇಳಹೋದ. ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಬೂದೆಪ್ಪ ಪಟ್ಟಿಯನ್ನು ಅವನ ಕೈಗೆ ತುರುಕಿ, ಹಗ್ಗವನ್ನು ಅರ್ಧಕ್ಕೇ ಬಿಟ್ಟು, ಟವೆಲ್ ಕೊಡವಿ ಹೊರಟುಹೋದ. ಸಿಟ್ಟು ಇಳಿದರೆ ತಾನೇ ಬರುತ್ತಾನೆ ಎಂದುಕೊಂಡ ಸೂಗಪ್ಪ. ಹೇಗೂ ಅವನ ಹೆಸರಿನ ಮುಂದೆ ಹಿಂದಿನ ದಿನವೇ ಕೆಂಪು ಗುರುತು ಬಿದ್ದಿತ್ತಲ್ಲ!

ಹೊತ್ತು ನೆತ್ತಿಗೆ ಬಂತು. ಒಳಗೆ ಹೋಳಿಗೆಯ ಗುಡ್ಡ, ಎಣ್ಣೆಗಾಯಿಯ ಘಮ, ಬುಟ್ಟಿ ತುಂಬ ಅನ್ನ. ಹಂದರದಲ್ಲಿ ಮಾತ್ರ ಒಂದು ನಾಯಿ. ಜಾಲಹಳ್ಳಿಯ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ ಎಂದು ಬೀಗರ ವಿಷಯಕ್ಕೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಓಣಿಯವರಿಗೇನಾಗಿದೆ?

"ಊಟಕ್ಕ ಕರದ್ರೇನು?" ಬಸ್ಸಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಕರದೀನಿ. ನಿನ್ನೆನೇ. ನೋಡು, ಗುರುತು."

"ನಿನ್ನೆ ಹೇಳಿ ಬಂದ್ರಿ. ಇವತ್ತು ಎಬ್ಬಿಸಿಕೊಂಡು ಬರಬೇಕಲ್ಲ! ಅಯ್ಯ ನನ್ನ ಶಿವನ!"

ನಮ್ಮ ಕಡೆ ಊಟಕ್ಕೆ ಕರೆ ಎರಡು ಸಲ. ಹಿಂದಿನ ದಿನ ಹೋಗಿ ಹೇಳಿ ಬರಬೇಕು. ಎಲೆ ಹಾಕುವ ಹೊತ್ತಿಗೆ ಮತ್ತೆ ಬಾಗಿಲಿಗೆ ಹೋಗಿ "ಊಟಕ್ಕ ಏಳ್ರಿ" ಅನ್ನಬೇಕು. ಎರಡನೆಯ ಕರೆ ಬಾರದೆ ಎದ್ದು ಬಂದವನನ್ನು ಹೊಟ್ಟೆಬಾಕ ಅನ್ನುತ್ತಾರೆ. ಹಾಗಾಗಿ ಇಡೀ ಓಣಿ ಮಡಿಕೆ ಬಿಚ್ಚಿದ ಬಟ್ಟೆ ತೊಟ್ಟು, ಒಲೆ ಹಚ್ಚದೆ, ಮನೆಮನೆಯಲ್ಲೂ ಹಸಿದು ಕುಳಿತಿತ್ತು.

ಸೂಗಪ್ಪ ಓಡಿದ. ಮೊದಲು ಸಿಕ್ಕಿದ್ದು ದರ್ಜಿ ಪೀರಾ ಸಾಬ್. ಹೊಸ ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಮುಖ ಊದಿಸಿ ಕುಳಿತಿದ್ದರು.

"ಊಟಕ್ಕ ಏಳ್ರಿ ಸಾಬರ."

"ನಮ್ದು ಊಟ ಆಗ್ಯದ ಸೂಗಪ್ಪ. ಹೊಟ್ಟಿ ತುಂಬ್ಯದ."

ಒಳಗಿನಿಂದ ಅವರ ಹೆಂಡತಿ ಅಕ್ಬರಿ ಬೇಗಂ ಗದರಿದರು. "ಎಲ್ಲಿ ಆಗ್ಯದ್ರೀ? ಬೆಳಗಿಂದ ಒಲಿ ಹಚ್ಚಿಲ್ಲ ನಾನು! ಸೂಗಪ್ಪಣ್ಣ, ನಾವೇನು ಫಕೀರರೇನಪ್ಪ, ವಾಸ್ನಿ ಹಿಡಕೊಂಡು ಬಂದು ಕುಂದ್ರಾಕ?"

ಸೂಗಪ್ಪ ಕೈಮುಗಿದ. ಮುಂದಿನ ಮನೆಯಲ್ಲೂ ಕೈಮುಗಿದ. ಒಬ್ಬರು "ಪಟ್ಟಿಯೊಳಗ ನಮ್ಮನಿ ಬಿಟ್ಟಿತ್ತೇನು?" ಎಂದರು. ಇನ್ನೊಬ್ಬರು "ನಾವೂ ಬದನಿಕಾಯಿ ಆದಮ್ಯಾಲನಾ?" ಎಂದರು. ಬೂದೆಪ್ಪ ಸುದ್ದಿಯನ್ನು ಬಿಸಿಬಿಸಿಯಾಗಿ ಹಂಚಿದ್ದ. ಸೂಗಪ್ಪನ ಕಿವಿ ಕೆಂಪಾದವು, ಕತ್ತು ಬಗ್ಗಿತು. ಆದರೂ ಪಟ್ಟಿಯಲ್ಲಿ ಹಿಂದಿನ ದಿನದ ಕರೆಯ ಗುರುತನ್ನು ಹೊಡೆದುಹಾಕಿ ಓಣಿಯ ಮನೆಗಳಿಗೆಲ್ಲ ಹೋದ. ಬೂದೆಪ್ಪನ ಹೆಸರಿನ ಮುಂದಿನ ಗುರುತು ಮಾತ್ರ ಹಾಗೇ ಇತ್ತು, ಅವನು ಬೀಗರನ್ನು ಕರೆತರಲು ಹೋಗಿರುತ್ತಾನೆ ಎಂದು ಸೂಗಪ್ಪನ ಲೆಕ್ಕ. ಹಾಗಾಗಿ ಅವನ ಮನೆಯ ಮುಂದೆಯೇ ಹಾದು ಹೋದರೂ ಕೂಗಲಿಲ್ಲ.

ಓಣಿ ಎದ್ದು ಬಂತು. ಬಂದದ್ದೇನು, ನುಗ್ಗಿತು. "ಬೀಗರು ಬರೋತನಾ ತಡೀರಿ" ಅನ್ನಲು ಬಸ್ಸಮ್ಮ ಬಾಯಿ ತೆರೆದಳು. ಆದರೆ ಊಟಕ್ಕೆ ಏಳಿ ಎಂದು ಎಬ್ಬಿಸಿ ತಂದವರನ್ನು ಬರೀ ಎಲೆಯ ಮುಂದೆ ಕೂರಿಸುವುದು ಹೇಗೆ? ಬಡಿಸಿದರು. ಮಧ್ಯಾಹ್ನವೆಲ್ಲ ಕೂಡಿಟ್ಟ ಹಸಿವು ಅದು. ಹೋಳಿಗೆಯ ಗುಡ್ಡ ಕರಗಿತು. ಎಣ್ಣೆಗಾಯಿಯ ತಪ್ಪಲೆಯಲ್ಲಿ ತೊಟ್ಟುಗಳು ಮಾತ್ರ ಉಳಿದವು. ಪೀರಾ ಸಾಬರು ತೇಗಿ, ಕೈತೊಳೆದು, "ಬದನಿಕಾಯಿ ಭಾರಿ ಆಗಿತ್ತು ಬಿಡು. ಪಟ್ಟಿಯೊಳಗ ಮ್ಯಾಲ ಇಟ್ಟದ್ದು ಸರಿಯದ" ಎಂದರು.

ಆಗ ಬಸ್ಸಮ್ಮ ಮೆಲ್ಲಗೆ ಕೇಳಿದಳು. "ಬೀಗರನ್ನ ಎದುರುಗೊಳ್ಳಾಕ ಯಾರು ಹೋಗ್ಯಾರ?"

"ಬೂದೆಪ್ಪ" ಎಂದು ಗುರುತು ತೋರಿಸಹೋದ ಸೂಗಪ್ಪನ ಬೆರಳು ಅಲ್ಲೇ ನಿಂತಿತು.

ಎದುರು ಮನೆಗೆ ಹಾರಿದ. ಬೂದೆಪ್ಪ ಹೊರಸಿನ ಮೇಲೆ ಮಲಗಿ ಸೂರು ನೋಡುತ್ತಿದ್ದ.

"ಲೇ, ಹನುಮಪ್ಪನ ಗುಡಿಗೆ ಹೋಗಲಿಲ್ಲೇನಲೇ?"

"ನಾ ಯಾಕ? ಬದನಿಕಾಯಿ ಕಳಸು" ಎಂದು ಬೂದೆಪ್ಪ ಮಗ್ಗುಲು ಬದಲಿಸಿದ.

ಸೂಗಪ್ಪ ತಂಬಿಗೆ ನೀರು ಹಿಡಿದು ಓಡಿದ. ದಾರಿಯುದ್ದಕ್ಕೂ ಕಣ್ಣ ಮುಂದೆ ಮಗಳ ಮುಖವೇ. ಬಿಸಿಲು ಇಳಿಯತೊಡಗಿತ್ತು. ಬೆಳಗಿನ ಬಸ್ಸಿಗೆ ಬಂದವರು ಈ ಹೊತ್ತಿನವರೆಗೆ ಬೀದಿಯಲ್ಲಿ! ಗುಡಿ ಕಂಡಿತು. ಕಟ್ಟೆಯ ಮೇಲೆ ಮೂಕಮ್ಮ, ಪಕ್ಕದಲ್ಲಿ ಅಳಿಯ, ಗಂಟಿನ ಮೇಲೆ ಬಾಡಿದ ಮುಖದ ಅಮರಮ್ಮ. ಮೂವರ ಮೈಮೇಲೂ ಕೆಂಪು ಧೂಳು. ಸೂಗಪ್ಪ ತಂಬಿಗೆ ಇಟ್ಟವನೇ ಮೂಕಮ್ಮನ ಕಾಲಿಗೆ ಉದ್ದಕ್ಕೆ ಬಿದ್ದ.

"ತಪ್ಪಾತ್ರೀ ಯವ್ವಾ! ಬಿಸಿಲಾಗ ನಿಮ್ಮನ್ನ ಕೂಡಿಸಿಬಿಟ್ಟೆ. ಬೂದೆಪ್ಪನ್ನ ಕಳಿಸಬೇಕಿತ್ತು, ಅವ ಸಿಟ್ಟಾಗಿ ಹೋಗಲಿಲ್ಲ, ನಾ ನೋಡಲಿಲ್ಲ. ಓಣಿಯವರನ್ನ ಮೊದಲು ಉಣ್ಣಾಕ ಕೂಡಿಸಿದೆ. ಹೋಳಿಗಿ ಖಾಲಿ, ಪಲ್ಯ ಖಾಲಿ. ನಿಮ್ಮ ಸಲುವಾಗಿ ಮಾಡಿದ ಅಡಗಿ ಒಂದು ತುತ್ತೂ ಉಳದಿಲ್ರೀ! ಬೇಕಾದ್ರ ನನ್ನ ಚಪ್ಪಲೀಲೆ ಹೊಡೀರಿ, ನನ್ನ ಮಗಳಿಗೆ ಮಾತ್ರ ಏನೂ ಅನಬ್ಯಾಡ್ರಿ."

ಮೂಕಮ್ಮನ ಜೀವಮಾನದಲ್ಲಿ ಮೊದಲ ಸಲ ಆಕೆಯ ಬಾಯಿ ಕಟ್ಟಿತ್ತು.

"ಏಳ್ರಿ ಬೀಗರ" ಎಂದಳು ಆಮೇಲೆ. "ನಾವು ಈಗ ಇಳದೀವಿ. ಬಸ್ಸು ಸಿರವಾರದ ಆಚಿ ಕೆಟ್ಟು ನಿಂತಿತ್ತು. ನಮ್ಮಿಂದ ತಡಾ ಆತು, ಬೀಗರು ಉಪಾಸ ಕಾಯ್ತಿರತಾರ, ಏನಂತ ಮುಖ ತೋರಸೋದು ಅಂತ ನಾನ ನಾಚಿಕಿಂದ ಕುಂತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ, ಸೂಗಪ್ಪನೇ ಕಾಯಿ ತಂದು ಎದುರಿಗಿಟ್ಟಿದ್ದ. ಬಾಯಿ ಬಿಗಿಹಿಡಿದು ತಂಬಿಗೆ ನೀರು ಕೊಟ್ಟಿದ್ದರೆ ಸಾಕಿತ್ತು. ಬೀಗರು ಮನೆ ಮುಟ್ಟುವಷ್ಟರಲ್ಲಿ ಬಸ್ಸಮ್ಮ ಹೇಗೋ ಮತ್ತೆ ಒಲೆ ಹೂಡುತ್ತಿದ್ದಳು, ಯಾರಿಗೂ ತಿಳಿಯುತ್ತಿರಲಿಲ್ಲ. ಅಮರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಿದ್ದಾಗ ಜೇಬಿನಿಂದ ಪಟ್ಟಿ ಜಾರಿತ್ತು. ಅಳಿಯ ಎತ್ತಿಕೊಂಡು, ಮಾವನಿಗೆ ಕೊಡುವ ಬದಲು ಜೋರಾಗಿ ಓದಿದ. "ಬದನಿಕಾಯಿ. ಬೂದೆಪ್ಪ, ಬೀಗರು. ಹಗ್ಗ."

ಮೂಕಮ್ಮನ ಬಾಯಿಗೆ ಕಸುವು ಮರಳಿ ಬಂತು. "ಹಾಂ? ಬದನಿಕಾಯಿ ಆದಮ್ಯಾಲ ಯಾವನೋ ಬೂದೆಪ್ಪ, ಅವನ ಬಾಲಕ್ಕ ನಾವು! ಅದಕ್ಕ ಕೆಂಪು ಗೆರಿ ಬ್ಯಾರೆ! ಬಾಸಿಂಗ ಮರತದ್ದು ಸಣ್ಣದಾತು ಬಿಡವ್ವ ಅಮರಿ. ನಿಮ್ಮಪ್ಪ ಈ ಸಲ ಬೀಗರನ್ನೇ ಮರತಾನ."

ಮನೆಯ ದಾರಿಯಲ್ಲಿ ಮುಂದೆ ಮೂಕಮ್ಮ, ನಡುವೆ ಮಗ ಸೊಸೆ, ಎಲ್ಲರ ಹಿಂದೆ ಖಾಲಿ ತಂಬಿಗೆ ಹಿಡಿದ ಸೂಗಪ್ಪ. ಉಂಡು ಎದ್ದ ಓಣಿಯೆಲ್ಲ ಎಲೆಅಡಿಕೆ ಅಗಿಯುತ್ತಾ ಕಟ್ಟೆಗಳ ಮೇಲೆ ಕುಳಿತು ಮೆರವಣಿಗೆ ನೋಡಿತು. ಬೂದೆಪ್ಪನೂ ಬಾಗಿಲಲ್ಲಿ ನಿಂತಿದ್ದ. ಅಲ್ಲಿಗೆ ಸೂಗಪ್ಪನ ತಾಳ್ಮೆ ತುಂಡಾಯಿತು.

"ಕಣ್ತುಂಬ ನೋಡಲೇ! ಎಲ್ಲಾ ನಿನ್ನಿಂದ. ಬಸ್ಸು ಕೆಟ್ಟಿತ್ತಂತ. ಇವರು ಈಗ ಬಂದಾರ. ನೀ ಒಂದು ಸಲ ಹೋಗಿ ನೋಡಿದ್ರ ನನ್ನ ಮಾನ ಉಳೀತಿತ್ತು."

"ಹೋಗಿದ್ನಲ್ಲೋ" ಎಂದ ಬೂದೆಪ್ಪ. "ಸಿಟ್ಟಿದ್ರೂ ಮನಸು ತಡೀಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದೆ. ಬಸ್ಸು ಕೆಟ್ಟದ, ಸಂಜಿ ಆಗ್ತದ ಅಂದ್ರು. ನಿಮಗ ಹೇಳಬೇಕಂತ ಓಡಿ ಬಂದೆ. ನಿಮ್ಮ ಹಂದರದಾಗ ಎಲ್ಲಾರು ಉಣ್ಣಾಕ ಕುಂತಿದ್ರು."

"ಮತ್ತ ಒಳಗ ಬಂದು ಹೇಳಬೇಕಿಲ್ಲೇನಲೇ!"

"ಹೆಂಗ ಬರಲೋ ಸೂಗ? ಇಡೀ ಓಣಿನ ಎಬ್ಬಿಸಿಕೊಂಡು ಹೋದಿ" ಎಂದ ಬೂದೆಪ್ಪ, ಕಣ್ಣಲ್ಲಿ ನೀರು ತಂದುಕೊಂಡು. "ನನ್ನೊಬ್ಬನ್ನ ಊಟಕ್ಕ ಏಳು ಅಂತ ಕರೀಲಿಲ್ಲಲ್ಲ."